ಅಮ್ಮನ ಉಸಿರಿನ ಲೆಕ್ಕ

ನಮ್ಮ ಅಡುಗೆಕೋಣೆಯ ಮೂಲೆಯಲ್ಲಿ ಕಬ್ಬಿಣದ ಒಂದು ಊದುಕೊಳವೆ ಈಗಲೂ ಇದೆ. ಒಂದು ತುದಿ ಬೆಂಕಿಗೆ ಸುಟ್ಟು ಕರಿಯಾಗಿದೆ. ಇನ್ನೊಂದು ತುದಿ ಅಮ್ಮನ ತುಟಿ ತಾಗಿ ತಾಗಿ ನುಣುಪಾಗಿದೆ. ವಿಟ್ಲದ ಕಡೆಯಿಂದ ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ಅವಳು ಸೊಸೆಯಾಗಿ ಬಂದದ್ದು 1974ರಲ್ಲಿ. ಕುಚ್ಚಲಕ್ಕಿ ಬೇಯಲು ಬೆಳ್ತಿಗೆ ಅಕ್ಕಿಯ ಎರಡರಷ್ಟು ಹೊತ್ತು ಬೇಕು, ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಿದ್ದರೆ ಇನ್ನೂ ಹೆಚ್ಚು. ಹದಿನಾಲ್ಕು ಮಂದಿಯ ಮನೆ. ಗ್ಯಾಸು ಬಂದದ್ದು 1996ರಲ್ಲಿ. ಆದರೆ ಅದು ಚಹಾಕ್ಕೆ ಮತ್ತು ಅನಿರೀಕ್ಷಿತವಾಗಿ ನೆಂಟರು ಬಂದರೆ ಮಾತ್ರ. ಬಚ್ಚಲ ಒಲೆಗೆ ಮಡಲು, ಗೆರಟೆ, ಅಡಿಕೆ ಸಿಪ್ಪೆ ತುಂಬಿಸಿ ಊದುವುದು 2019ರವರೆಗೂ ನಡೆಯಿತು. ಯಾರೂ ಅವಳನ್ನು ತಡೆಯಲಿಲ್ಲ. ಬೆಳಿಗ್ಗೆ ಬಿಸಿನೀರು ಸಿದ್ಧವಾಗಿರುತ್ತಿತ್ತು, ನಾನು ಮಿಂದು ಬ್ಯಾಂಕಿಗೆ ಹೋಗುತ್ತಿದ್ದೆ.

ಅಪ್ಪ ದಿನಕ್ಕೊಂದು ಕಟ್ಟು ಬೀಡಿ ಎಳೆದವರು. ಕೆಮ್ಮಿದ್ದು ಮಾತ್ರ ಅಮ್ಮ.

ಉಬ್ಬಸ ಶುರುವಾದಾಗ ಅದಕ್ಕೆ ನಾವು ಪ್ರಾಯ ಎಂದು ಹೆಸರಿಟ್ಟೆವು. ಬಾವಿಕಟ್ಟೆಯಿಂದ ಅಡುಗೆಮನೆಯ ಮೆಟ್ಟಲಿಗೆ ಬರುವಾಗ ನಡುವೆ ನಿಲ್ಲುತ್ತಿದ್ದಳು. ನಿಂತದ್ದು ಗೊತ್ತಾಗದಿರಲೆಂದು ತುಳಸಿಯ ಒಣಗಿದ ಎಲೆ ಕೀಳುತ್ತಿದ್ದಳು. 2016ರಲ್ಲಿ ಒಂದು ಸಲ ಕೆಮ್ಮು ಜೋರಾಯಿತು. ಮಾರ್ಚ್ ತಿಂಗಳ ಕೊನೆ. ಬ್ಯಾಂಕಿನಲ್ಲಿ ರಜೆ ಕೇಳುವ ಹಾಗೆಯೇ ಇಲ್ಲ. ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗನ ಜೊತೆ ಅವಳನ್ನು ಒಂದು ಆಸ್ಪತ್ರೆಗೆ ಕಳುಹಿಸಿದೆ. ಹುಡುಗ ಚೀಟಿ ಮಾಡಿಸಿ ಹೊರಗೆ ಕೂತ. ಒಳಗೆ ಯುವ ಡಾಕ್ಟರರೊಬ್ಬರು ಕೇಳಿದರಂತೆ, "ಶ್ವಾಸಂ ಮುಟ್ಟುಂಡೋ ಅಮ್ಮೇ?"

ಈ ವಾರ್ಷಿಕವನ್ನು ಎರಡು ಭಾಷೆಗಳಲ್ಲೂ ಓದುವವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಅಮ್ಮನಿಗೆ ಬರುವ ಮಲಯಾಳ ಸಂತೆಗೆ, ಬಸ್ಸಿಗೆ ಸಾಕಾಗುವಷ್ಟು. 'ಶ್ವಾಸ' ಸರಿಯಾಗಿ ಕೇಳಿಸಲಿಲ್ಲ, 'ಮುಟ್ಟು' ಕೇಳಿಸಿತು. ಅರುವತ್ತು ದಾಟಿದವಳ ಹತ್ತಿರ ಮಗನ ಪ್ರಾಯದವನು ಇದೆಂತ ಕೇಳುವುದು ಎಂದು ನಾಚಿಕೆಯಾಯಿತು. "ಇಲ್ಲ ಇಲ್ಲ, ಅದೆಲ್ಲ ನಿಂತು ಎಷ್ಟೋ ವರ್ಷ ಆಯ್ತು" ಎಂದು ಕೈಯಾಡಿಸಿದಳು. ಡಾಕ್ಟರರು ಉಸಿರಾಟದ ತೊಂದರೆ ಇಲ್ಲ ಎಂದು ಚೀಟಿಯಲ್ಲಿ ಬರೆದು ಕೆಮ್ಮಿನ ಔಷಧಿ ಕೊಟ್ಟರು. ಸಂಜೆ ಅಮ್ಮ ಇದನ್ನು ಹೇಳಿದಾಗ ಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮುಂದೆ ನೆಂಟರಿಷ್ಟರ ಮುಂದೆಯೂ ಇದು ನಮ್ಮ ಮೆಚ್ಚಿನ ಕತೆಯಾಯಿತು. ಆ ಚೀಟಿಯಿಂದಾಗಿ ಒಂದು ವರ್ಷ ಹೋಯಿತು ಎಂಬುದು ನನಗೆ ಹೊಳೆದದ್ದು ತಡವಾಗಿ. ಡಾಕ್ಟರರ ತಪ್ಪು ಎನ್ನಲಾರೆ. ಅವರು ಕೇಳಿದರು, ಇವಳು ಉತ್ತರ ಹೇಳಿದಳು. ಮಧ್ಯದಲ್ಲಿ ಇರಬೇಕಾಗಿದ್ದವನು ವರ್ಷಾಂತ್ಯದ ಲೆಕ್ಕ ತಾಳೆ ನೋಡುತ್ತಿದ್ದೆ.

2017ರಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಉಸಿರಿನ ಪರೀಕ್ಷೆ, ಸ್ಪೈರೋಮೆಟ್ರಿ. ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟು, ಎಳೆಯುವಷ್ಟು ಎಳೆದು ಒಂದೇ ಸಲಕ್ಕೆ ಜೋರಾಗಿ ಊದಬೇಕು, ಊದುತ್ತಲೇ ಇರಬೇಕು. ಯಂತ್ರದ ಹತ್ತಿರ ನಿಂತ ಹುಡುಗಿ ಕೋಟ್ಟಯಂ ಕಡೆಯವಳು. "ಊದ್, ಊದ್, ಊದ್" ಎಂದು ಅವಳ ಭಾಷೆಯಲ್ಲಿ ಕೂಗಿದಳು. ಅದು ನಮ್ಮ ಮಾತೂ ಹೌದು. ಅಮ್ಮ ನಲುವತ್ತು ವರ್ಷ ಊದಿದವಳು. ಬೆನ್ನು ಬಾಗಿಸಿ, ಕಣ್ಣು ಕಿರಿದು ಮಾಡಿ, ಒಲೆಯ ಮುಂದೆ ಕೂತ ಹಾಗೆಯೇ ಕೂತು ಊದಿದಳು. ಮತ್ತೆ ಔಷಧಿ ಎಳೆಸಿ, ಕಾಲುಗಂಟೆ ಕಳೆದು ಪುನಃ ಊದಿಸಿದರು. ಮೊದಲ 1 ಸೆಕೆಂಡಿನಲ್ಲಿ ಹೊರಗೆ ಬರುವ ಗಾಳಿ, ಒಟ್ಟು ಊದಿದ ಗಾಳಿಯ 100ರಲ್ಲಿ 70 ಪಾಲಿಗಿಂತ ಕಡಿಮೆಯಾಗಿ, ಔಷಧಿ ಕೊಟ್ಟ ಮೇಲೂ ಹಾಗೆಯೇ ಉಳಿದರೆ ಕೊಳವೆಗಳು ಇಕ್ಕಟ್ಟಾಗಿವೆ ಎಂದು ಲೆಕ್ಕ. ಅಮ್ಮನದು 48. ಅವಳ ಪ್ರಾಯದ, ಎತ್ತರದ ಹೆಂಗಸಿಗೆ ಇರಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ರೋಗದ ಹೆಸರು ಸಿಓಪಿಡಿ.

"ಬೀಡಿ ಸೇದಿದ್ದುಂಟಾ?" ಎಂದು ಡಾಕ್ಟರರು ಕೇಳಿದಾಗ ಅಮ್ಮ ನನ್ನ ಮುಖ ನೋಡಿದಳು. ಅವರೇ ಮುಂದುವರಿಸಿ, "ಒಲೆಯ ಹೊಗೆಯಾ?" ಎಂದರು. ಒಂದು ಬೀಡಿಯೂ ಸೇದದೆ ಈ ರೋಗ ತಂದುಕೊಂಡ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿದ್ದಾರೆ ಎಂದು ವಿವರಿಸಿದರು.

ಆ ದಿನ ಅಮ್ಮ ಅವರಿಗೆ ಒಂದು ಮಾತು ಹೇಳಿದ್ದಳು. "ಎಲ್ಲರೂ ಗಾಳಿ ಒಳಗೆ ಹೋಗುದಿಲ್ಲವಾ ಅಂತ ಕೇಳ್ತಾರೆ. ನನಗೆ ಒಳಗೆ ಹೋಗ್ತದೆ. ಹೊರಗೆ ಬರುದಿಲ್ಲ." ನಾನು ಮಧ್ಯೆ ಬಾಯಿ ಹಾಕಿ, "ಅವಳಿಗೆ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ ಸಾರ್" ಎಂದೆ. ಡಾಕ್ಟರರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಅವರು ಹೇಳಿದ್ದೇ ಸರಿ" ಎಂದರು. ಶ್ವಾಸಕೋಶದ ಗಾಳಿಚೀಲಗಳ ಬಿಗಿ ಕಳೆದುಹೋದಾಗ, ಉಸಿರು ಬಿಡುವ ಹೊತ್ತಿಗೆ ಸಣ್ಣ ಕೊಳವೆಗಳು ಕುಸಿದು ಮುಚ್ಚಿಕೊಳ್ಳುತ್ತವೆ, ಹಳೆಯ ಗಾಳಿ ಒಳಗೇ ಉಳಿಯುತ್ತದೆ, ಹೊಸತಕ್ಕೆ ಜಾಗವಿಲ್ಲ. ನಾನು ಬಿ.ಎ. ಓದಿದವನು, ಅಮ್ಮ ಐದನೆಯ ತರಗತಿ. ರೋಗ ಇದ್ದದ್ದು ಅವಳ ಎದೆಯಲ್ಲಿ.

ಅಲ್ಲಿಂದ ಮಾತ್ರೆ ತುಂಬಿಸಿ ಎಳೆಯುವ ಒಂದು ಸಾಧನ ಕೊಟ್ಟು ಕಳುಹಿಸಿದರು. ದಿನಕ್ಕೆ ಎರಡು ಸಲ. ನಾನು ತಿಂಗಳಿಗೊಮ್ಮೆ ತಪ್ಪದೆ ಔಷಧಿ ತಂದುಕೊಟ್ಟೆ, ಬಿಲ್ಲುಗಳನ್ನು ಫೈಲು ಮಾಡಿದೆ. ಎರಡು ವರ್ಷ ಗುಣ ಕಾಣಲಿಲ್ಲ. ಡಾಕ್ಟರರು ಔಷಧಿ ಏರಿಸಿದರು.

2019ರ ಮಳೆಗಾಲದಲ್ಲಿ ನಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಬಿ.ಪಿ. ನೋಡಿಸಲು ಹೋಗಿದ್ದಾಗ ಅಲ್ಲಿನ ನರ್ಸ್ ಅವಳ ಏದುಸಿರನ್ನು ಗಮನಿಸಿದರು. ಕೇರಳದ ಇಂಥ ಕೇಂದ್ರಗಳಲ್ಲಿ ಶ್ವಾಸದ ಕಾಯಿಲೆಗೆಂದೇ 'ಶ್ವಾಸ್' ಎಂಬ ಕ್ಲಿನಿಕ್ಕು ಉಂಟು. ಕಣ್ಣೂರಿನ ಹೆಂಗಸು, ಕನ್ನಡ ಬಾರದು. ಹಾಗಾಗಿಯೋ ಏನೋ, ಕೇಳುವ ಬದಲು "ಕಾಣಿಕ್ಕ್ ಅಮ್ಮೇ" ಎಂದು ಸನ್ನೆ ಮಾಡಿದರು. ತೋರಿಸಿ ಎಂದು. ಅಮ್ಮ ಚೀಲದಿಂದ ಸಾಧನ ತೆಗೆದಳು, ಮಾತ್ರೆ ಹಾಕಿ ತಿರುಗಿಸಿದಳು, ಬಾಯಿಗಿಟ್ಟಳು. ಮತ್ತೆ ಬೆನ್ನು ಬಾಗಿಸಿ, ಕಣ್ಣು ಕಿರಿದು ಮಾಡಿ, ಊದಿದಳು.

ಬಿಳಿಯ ಹುಡಿ ಆಚೆ ತುದಿಯಿಂದ ಹಾರಿ ನರ್ಸಮ್ಮನ ರಿಜಿಸ್ಟರಿನ ಮೇಲೆ ಬಿತ್ತು.

ಎರಡು ವರ್ಷಗಳ ಔಷಧಿಯನ್ನು ಅವಳು ಹೊರಗೆ ಊದಿದ್ದಳು. ಬಾಯಿಗೆ ಕೊಳವೆ ಕೊಟ್ಟರೆ ಊದಬೇಕು ಎಂಬುದು ಒಲೆಯ ಮುಂದೆ ಕಲಿತ ಪಾಠ. ಮಂಗಳೂರಿನ ಪರೀಕ್ಷೆಯಲ್ಲೂ ಕೊಳವೆ ಕೊಟ್ಟು ಊದು ಎಂದೇ ಹೇಳಿದ್ದರು. ಮದ್ದಿನ ಪೆಟ್ಟಿಗೆಯೊಳಗಿನ ಕಾಗದದಲ್ಲಿ ಕನ್ನಡ ಇರಲಿಲ್ಲ. ಇದ್ದರೂ ಅವಳು ಅಷ್ಟು ಸಣ್ಣ ಅಕ್ಷರ ಓದುತ್ತಿರಲಿಲ್ಲ, ನಾನೂ ಓದಿರಲಿಲ್ಲ. ಬೆಳಿಗ್ಗೆ ಸಂಜೆ "ಅಮ್ಮ, ಮದ್ದು ಆಯ್ತಾ?" ಎಂದು ಕೇಳುತ್ತಿದ್ದೆ. "ಆಯ್ತು ಮಗ" ಎನ್ನುತ್ತಿದ್ದಳು. ಎರಡೂ ಸತ್ಯವೇ. ಕೌಂಟರಿನಲ್ಲಿ ನಾನು ಹತ್ತು ರೂಪಾಯಿಯ ನೋಟನ್ನೂ ಬೆಳಕಿಗೆ ಹಿಡಿದು ನೋಡುವವನು. ಎರಡು ವರ್ಷದಲ್ಲಿ ಒಂದು ದಿನ, ಒಂದು ನಿಮಿಷ, ಅವಳ ಮುಂದೆ ನಿಂತು ನೋಡಿರಲಿಲ್ಲ.

ನರ್ಸಮ್ಮ ಬೈಯಲಿಲ್ಲ. ಮೊದಲು ಪೂರ್ತಿ ಉಸಿರು ಹೊರಗೆ ಬಿಡಬೇಕು, ಆಮೇಲೆ ತುಟಿ ಬಿಗಿಯಾಗಿ ಮುಚ್ಚಿ ಜೋರಾಗಿ ಒಳಗೆ ಎಳೆಯಬೇಕು, ಹತ್ತು ಎಣಿಸುವವರೆಗೆ ಹಿಡಿಯಬೇಕು, ಬಾಯಿ ಮುಕ್ಕಳಿಸಬೇಕು ಎಂದು ಮಾಡಿ ತೋರಿಸಿದರು. ಉಬ್ಬಸ ಬಂದಾಗ ತುಟಿ ಚೂಪು ಮಾಡಿ, ಮೇಣದಬತ್ತಿ ಆರದ ಹಾಗೆ ಮೆಲ್ಲಗೆ ಊದಿ ಬಿಡಬೇಕು ಎಂದೂ ತೋರಿಸಿದರು. ಅಮ್ಮನ ಮುಖ ಅರಳಿತು. "ಇದು ನನಗೆ ಗೊತ್ತುಂಟು. ಕೆಂಡ ಹೊತ್ತಬೇಕು, ಬೂದಿ ಹಾರಬಾರದು, ಹಾಗೆ ಊದುದು. ಬಾವಿಕಟ್ಟೆಯಲ್ಲಿ ಹಾಗೆಯೇ ಮಾಡುದು ನಾನು." ಹಾಗೆ ಊದಿದರೆ ಒಳಗಿನ ಕೊಳವೆಗಳು ಕುಸಿಯದೆ ತೆರೆದಿರುತ್ತವೆ ಎಂಬುದು ಶಾಸ್ತ್ರ. ಅವಳು ಅದನ್ನು ಯಾರಿಂದಲೂ ಕಲಿತಿರಲಿಲ್ಲ.

ಆ ಸಂಜೆಯಿಂದ ಒಂದು ಪುಸ್ತಕ ಇಟ್ಟೆ. ನನ್ನ ಕಸುಬಿಗೆ ಒಗ್ಗುವ ಪ್ರಾಯಶ್ಚಿತ್ತ. ತಾರೀಕು, ತುರ್ತಿನ ಪಂಪು ಎಷ್ಟು ಸಲ, ಕಫದ ಬಣ್ಣ, ಬಾವಿಯಿಂದ ಮೆಟ್ಟಲಿಗೆ ಎಷ್ಟು ಕಡೆ ನಿಂತದ್ದು, ರಾತ್ರಿ ಎಷ್ಟು ತಲೆದಿಂಬು. ಕೊನೆಯ ಕಾಲಂ 'ಅಮ್ಮನ ಮಾತು'. ಅದರಲ್ಲಿ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುವುದು. ಆಸ್ಪತ್ರೆಯವರೂ ಉಬ್ಬಸಕ್ಕೆ ಸೊನ್ನೆಯಿಂದ ನಾಲ್ಕರ ತನಕ ಅಂಕ ಹಾಕುತ್ತಾರೆ: ಸಮತಟ್ಟಿನಲ್ಲಿ ಸುಮಾರು 100 ಮೀಟರು ನಡೆದು ನಿಲ್ಲಬೇಕಾದರೆ 3, ಬಟ್ಟೆ ಉಡುವಾಗಲೇ ಏದುಸಿರಾದರೆ 4. ಬ್ರಿಟನ್ನಿನಲ್ಲಿ ಮಾಡಿದ ಅಳತೆ. ನಮ್ಮ ಗುಡ್ಡದ ಊರಿನಲ್ಲಿ 100 ಮೀಟರು ಸಮತಟ್ಟು ಎಲ್ಲಿಂದ ತರುವುದು? ನಮಗೆ ತುಳಸಿಕಟ್ಟೆ, ಹಟ್ಟಿಯ ಮೂಲೆ, ಪೇರಳೆ ಮರ, ಇವೇ ಅಂಕಗಳು.

ಆರು ತಿಂಗಳ ಪುಟ ಮಗುಚಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ರೋಗ ಉಲ್ಬಣಿಸಿದ ಮೂರು ಸಲವೂ, ಕಫದ ಬಣ್ಣ ಬದಲಾಗುವ ಎರಡು ದಿನ ಮೊದಲು, ಕೊನೆಯ ಕಾಲಮಿನಲ್ಲಿ ಒಂದೇ ಮಾತಿತ್ತು: "ಕಾಫಿ ರುಚಿ ಇಲ್ಲ." ಅಮ್ಮನಿಗೆ ತೋರಿಸಿದೆ. "ಅದು ನನಗೆ ಮೊದಲೇ ಗೊತ್ತು" ಎಂದಳು. ಮತ್ತೆ ಯಾಕೆ ಹೇಳಲಿಲ್ಲ? "ಯಾರು ಕೇಳಿದ್ದು?"

ಪುಸ್ತಕ ಮೊದಲು ಕೆಲಸಕ್ಕೆ ಬಂದದ್ದು 2020ರಲ್ಲಿ. ಆ ಮಾರ್ಚ್ ಕೊನೆಯ ವಾರವನ್ನು ಈ ಭಾಗದವರಿಗೆ ನೆನಪಿಸಬೇಕಿಲ್ಲ. ಕಾಸರಗೋಡಿನಿಂದ ಮಂಗಳೂರು 50 ಕಿಲೋಮೀಟರು. ಹೆರಿಗೆಗೂ ಹೃದಯಕ್ಕೂ ಡಯಾಲಿಸಿಸಿಗೂ ನಾವು ಹೋಗುತ್ತಿದ್ದದ್ದು ಅಲ್ಲಿಗೆ. ತಲಪಾಡಿಯಲ್ಲಿ ತಡೆ ಬಿತ್ತು, ಒಳದಾರಿಗಳಿಗೆ ಮಣ್ಣು ಸುರಿದರು. ಆಂಬುಲೆನ್ಸುಗಳು ಹಿಂತಿರುಗಿದವು, ಚಿಕಿತ್ಸೆ ಸಿಗದೆ ಜನ ಸತ್ತರು. ತಡೆ ತೆಗೆಯಿರಿ ಎಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡುವ ಬಗ್ಗೆ ಎರಡೂ ಸರಕಾರಗಳು ಒಪ್ಪುವಾಗ ಇನ್ನೂ ಒಂದು ವಾರ ಕಳೆದಿತ್ತು. 1956ರಿಂದ ಇಲ್ಲಿ ಕನ್ನಡದವರು ಎನಿಸಿಕೊಂಡವರು ಆ ದಿನಗಳಲ್ಲಿ ಅಲ್ಲಿ ಕೇರಳದವರಾದೆವು. ಅಮ್ಮನಿಗೆ ತವರಿನ ದಾರಿಯೇ ಮುಚ್ಚಿತ್ತು. ಮಾರ್ಚ್ 29ರ ಬೆಳಿಗ್ಗೆ ಲೋಟ ಕೆಳಗಿಟ್ಟು, "ಕಾಫಿ ರುಚಿ ಇಲ್ಲ ಮಾರಾಯ" ಎಂದಳು.

ಮಂಗಳೂರಿನ ಡಾಕ್ಟರರಿಗೆ ಫೋನು ಮಾಡಿ ಪುಸ್ತಕ ಓದಿ ಹೇಳಿದೆ. ಹಿಂದಿನ ಮೂರು ಸಲದ ತಾರೀಕುಗಳನ್ನೂ, ಆಗ ಯಾವ ಮದ್ದು ಎಷ್ಟು ದಿನಕ್ಕೆ ಹಿಡಿಯಿತು ಎಂಬುದನ್ನೂ ಓದಿದೆ. ಅವರು ತುಸು ಹೊತ್ತು ಸುಮ್ಮನಿದ್ದು, ಐದು ದಿನದ ಸ್ಟೀರಾಯ್ಡು ಮಾತ್ರೆಯನ್ನೂ, ಕಫ ಬಣ್ಣ ತಿರುಗಿದರೆ ಮಾತ್ರ ತೆಗೆದುಕೊಳ್ಳಲು ಆಂಟಿಬಯಾಟಿಕನ್ನೂ ಹೇಳಿದರು. ನರ್ಸಮ್ಮ ಅದನ್ನು ಮನೆಗೆ ಮುಟ್ಟಿಸಿದರು. ಅಮ್ಮ ಮನೆಯಲ್ಲೇ ಗುಣವಾದಳು. ಗಡಿ ದಾಟಬೇಕಾಗಿ ಬರಲಿಲ್ಲ.

ಆದರೆ 2022ರ ಆಗಸ್ಟಿನಲ್ಲಿ ಒಂದು ರಾತ್ರಿ ತಡೆಯಲಿಲ್ಲ. ಹತ್ತಿರದ ಆಸ್ಪತ್ರೆಯೊಂದಕ್ಕೆ ಒಯ್ದೆವು. ಆಕ್ಸಿಜನು ಇಟ್ಟರು, ಪೂರ್ತಿ ತಿರುಗಿಸಿ ಇಟ್ಟರು. ಬೆರಳಿನ ಯಂತ್ರ 99 ತೋರಿಸಿತು, ನನಗೆ ಸಮಾಧಾನವಾಯಿತು. ಅಮ್ಮ ಮಾತ್ರ ಮಾಸ್ಕು ಸರಿಸಿ, "ತಲೆ ಭಾರ ಆಗ್ತದೆ. ಗಾಳಿ ಜಾಸ್ತಿ ಆಯ್ತು, ಕಮ್ಮಿ ಮಾಡಲಿಕ್ಕೆ ಹೇಳು" ಎಂದಳು. ಗಾಳಿ ಜಾಸ್ತಿ ಆಗುವುದುಂಟೇ? ನಾನೂ ಹೇಳಲಿಲ್ಲ, ಹೇಳಿದರೆ ಡ್ಯೂಟಿಯಲ್ಲಿದ್ದವರು ನಗುತ್ತಾರೆ ಎಂದು. ಒಂದು ಗಂಟೆಯಲ್ಲಿ ಅವಳಿಗೆ ಜೊಂಪು ಹತ್ತಿತು; ಕರೆದರೆ ಏಳುವುದಿಲ್ಲ.

ಈ ರೋಗದ ಹಲವರಲ್ಲಿ ಆಕ್ಸಿಜನು ಮಿತಿಮೀರಿದರೆ ಇಂಗಾಲದ ಡೈಆಕ್ಸೈಡು ರಕ್ತದಲ್ಲಿ ಏರುತ್ತದೆ. ತಲೆಭಾರ, ಜೊಂಪು, ಮತ್ತೆ ಪ್ರಜ್ಞೆ ತಪ್ಪುವುದು. ಯಂತ್ರದಲ್ಲಿ 88ರಿಂದ 92 ಇದ್ದರೆ ಸಾಕು. ಆಸ್ಟ್ರೇಲಿಯದ ತಾಸ್ಮೇನಿಯದಲ್ಲಿ ಆಂಬುಲೆನ್ಸಿನ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಒಂದು ಅಧ್ಯಯನ 2010ರಲ್ಲೇ ಪ್ರಕಟವಾಗಿದೆ. ಅಳೆದು ಕೊಟ್ಟವರಿಗಿಂತ ಸುರಿದು ಕೊಟ್ಟವರಲ್ಲಿ ಸಾವು ಹೆಚ್ಚು. ಇದನ್ನೆಲ್ಲ ನಾನು ತಿಳಿದದ್ದು ಆಮೇಲೆ. ಆ ರಾತ್ರಿ ಅಲ್ಲಿ ತಿಳಿದಿದ್ದವಳು ಒಬ್ಬಳೇ, ಅವಳ ಬಾಯಿಗೆ ಮಾಸ್ಕು ಕಟ್ಟಿತ್ತು.

ಮಂಗಳೂರಿಗೆ ಸಾಗಿಸಿದೆವು. ಅಲ್ಲಿ ಮುಖಕ್ಕೆ ಬಿಗಿಯಾಗಿ ಕಟ್ಟಿ ಗಾಳಿ ಒತ್ತುವ ಯಂತ್ರ ಇಟ್ಟರು. ಹೊರಗೆ ಕಾರಿಡಾರಿನಲ್ಲಿ ಡಾಕ್ಟರರು ಕೇಳಿದರು, ಇದರಿಂದ ಆಗದಿದ್ದರೆ ಗಂಟಲಿಗೆ ಟ್ಯೂಬು ಹಾಕಿ ವೆಂಟಿಲೇಟರಿಗೆ ಹಾಕಬೇಕಾಗುತ್ತದೆ, ಏನು ಹೇಳುತ್ತೀರಿ? ಬೆಂಗಳೂರಿನಿಂದ ಅಕ್ಕ ಫೋನಿನಲ್ಲಿ ಅಳುತ್ತಿದ್ದಳು: "ಹಣದ ಮುಖ ನೋಡಬೇಡ, ಎಲ್ಲ ಮಾಡಿಸು." ಕಾಗದ ಮುಂದಿಟ್ಟರು. ಸಹಿ ಹಾಕಿದೆ. ಖಾತೆದಾರರು ಇಲ್ಲದೆ ಮಗ ಬಂದು ಸಹಿ ಹಾಕಿದರೆ ನನ್ನ ಕೌಂಟರಿನಲ್ಲಿ ಐನೂರು ರೂಪಾಯಿ ಕೊಡುವುದಿಲ್ಲ. ಬೆಳಗಾಗುವಾಗ ಯಂತ್ರದಿಂದಲೇ ಅವಳಿಗೆ ಎಚ್ಚರವಾಯಿತು. ಟ್ಯೂಬು ಬೇಕಾಗಲಿಲ್ಲ.

ಮನೆಗೆ ಬಂದು ಒಂದು ವಾರದ ಮೇಲೆ ವಿಷಯ ಹೇಳಿದೆ. ಹೇಳದೆ ಇರಬಹುದಿತ್ತು. ಅವಳು ಕೋಪಿಸಲಿಲ್ಲ, ಸಹಿ ಹಾಕಿದ ಕಾಗದ ಯಾವ ಭಾಷೆಯಲ್ಲಿತ್ತು ಎಂದು ಕೇಳಿದಳು. ಇಂಗ್ಲಿಷಿನಲ್ಲಿ ಎಂದೆ. ಮುಂದಿನ ಸಲ ಮಂಗಳೂರಿಗೆ ಹೋದಾಗ ಅವಳೇ ಡಾಕ್ಟರರನ್ನು ಕೇಳಿದಳು. ನಾನು ಬಾಯಿ ಹಾಕಲಿಲ್ಲ.

"ಗಂಟಲಿಗೆ ಹಾಕಿದರೆ ಮಾತಾಡಲಿಕ್ಕೆ ಆಗ್ತದಾ?"

"ಇಲ್ಲ ಅಮ್ಮ. ಮಂಪರು ಬರುವ ಔಷಧಿಯೂ ಕೊಟ್ಟಿರುತ್ತೇವೆ."

"ತೆಗೆದ ಮೇಲೆ ಈಗ ಇರುವಷ್ಟು ಉಸಿರು ಉಂಟಾ?"

"ಕೆಲವರು ನಾಲ್ಕು ದಿನದಲ್ಲಿ ಹೊರಗೆ ಬರುತ್ತಾರೆ, ಮನೆಗೆ ಹೋಗುತ್ತಾರೆ. ಕೆಲವರಿಗೆ ಯಂತ್ರದಿಂದ ಬಿಡಿಸಲಿಕ್ಕೆ ಆಗುವುದಿಲ್ಲ. ನೀವು ಯಾವ ಗುಂಪು ಎಂದು ಮೊದಲೇ ಹೇಳಲಿಕ್ಕೆ ನನಗೆ ತಿಳಿಯುವುದಿಲ್ಲ."

ಆ ಡಾಕ್ಟರರ ಮೇಲೆ ನನಗೆ ಗೌರವ ಹೆಚ್ಚಿದ್ದು ಈ ಕೊನೆಯ ವಾಕ್ಯದಿಂದ. ಅಮ್ಮನಿಗೂ ಅಷ್ಟೇ ಇರಬೇಕು. ದಾರಿಯಲ್ಲಿ ಕುಂಬಳೆ ದಾಟುವವರೆಗೆ ಮಾತಾಡಲಿಲ್ಲ. ಮನೆಗೆ ಬಂದು ಪುಸ್ತಕ ಕೇಳಿದಳು. ಕೊನೆಯ ಹಾಳೆಯಲ್ಲಿ ತನ್ನದೇ ಅಕ್ಷರದಲ್ಲಿ ಬರೆದಳು: "ಮುಖಕ್ಕೆ ಕಟ್ಟುವುದು ಆದೀತು. ಗಂಟಲಿಗೆ ಬೇಡ. ಗಾಳಿ 88ರಿಂದ 92." ಕೆಳಗೆ ಸಹಿ, ತಾರೀಕು. ನಾನು ಅದನ್ನು ಕನ್ನಡ, ಮಲಯಾಳ, ಇಂಗ್ಲಿಷು ಮೂರರಲ್ಲೂ ಒಂದು ಕಾರ್ಡಿನಲ್ಲಿ ಬರೆದು, ಲ್ಯಾಮಿನೇಟು ಮಾಡಿಸಿ ಅವಳ ಮದ್ದಿನ ಚೀಲಕ್ಕೆ ಕಟ್ಟಿದೆ. ಮಲಯಾಳವನ್ನು ತಿದ್ದಿಕೊಟ್ಟವರು ನರ್ಸಮ್ಮ. 'ಮುಟ್ಟ್' ಎಂಬ ಪದ ಬಾರದ ಹಾಗೆ ನೋಡಿಕೊಳ್ಳಲು ಹೇಳಿದ್ದೆ, ಕಾರಣ ಕೇಳಿ ಅವರು ನಕ್ಕದ್ದೇ ನಕ್ಕದ್ದು.

ಅಕ್ಕ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಳು. ನೀನು ಬರೆಸಿಕೊಂಡದ್ದು ಎಂದಳು. ನನ್ನ ಮನಸ್ಸಿನಲ್ಲೂ ಆ ಹಾಳೆ ನೆಟ್ಟಗೆ ಕೂತಿರಲಿಲ್ಲ; ಸಹಿ ನೋಡಿ ಹಣ ಕೊಡುವುದು ಸುಲಭ, ಇದು ಹಾಗಲ್ಲ. ಇಂಥ ಮುಂಗಡ ಇಚ್ಛೆಗೆ ಬೆಲೆ ಉಂಟೆಂದು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ತೀರ್ಪು ಕೊಟ್ಟಿದೆ. ಮೊದಲು ಮ್ಯಾಜಿಸ್ಟ್ರೇಟರ ತನಕ ಹೋಗಬೇಕಿತ್ತು; 2023ರ ಜನವರಿಯಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿಯೋ ಗೆಜೆಟೆಡ್ ಅಧಿಕಾರಿಯೋ ದೃಢೀಕರಿಸಿದರೆ ಸಾಕೆಂದಿತು. ಕ್ರಮಪ್ರಕಾರ ಮಾಡಿಸುವ ಎಂದು ಅಮ್ಮನಿಗೆ ಹೇಳಿದೆ. "ನೋಟರಿಯಾ? ಎಂತ, ಆಸ್ತಿ ಪಾಲು ಮಾಡ್ಲಿಕ್ಕುಂಟಾ? ನಾನು ಬರೆದದ್ದು ನಿನಗೂ ಅವಳಿಗೂ. ನೀವು ಓದಿದರೆ ಆಯ್ತು" ಎಂದು ಎದ್ದು ಹೋದಳು. ಎದ್ದದ್ದು ಗಡಿಬಿಡಿಯಲ್ಲಿ, ಬಾಗಿಲಿನ ಹತ್ತಿರ ನಿಂತು ಮೂರು ಸಲ ಕೆಂಡ ಊದಿದಳು.

ಈಗ ಮನೆಯಲ್ಲಿ ಆಕ್ಸಿಜನು ಮಾಡುವ ಯಂತ್ರ ಇದೆ. ದಿನಕ್ಕೆ 15 ಗಂಟೆಯಾದರೂ ಇಡಬೇಕೆಂದು ಲೆಕ್ಕ, ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ನಡೆದು 1980 ಮತ್ತು 81ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ಬಂದದ್ದು. ಅಲ್ಲಿ ಕರೆಂಟು ಹೋಗುವುದಿಲ್ಲವೋ ಏನೋ. ನಮ್ಮಲ್ಲಿ ಮಳೆಗಾಲ ಶುರುವಾದರೆ ತಂತಿಯ ಮೇಲೆ ತೆಂಗಿನ ಮಡಲು ಬಿದ್ದೇ ಬೀಳುತ್ತದೆ, ಹಾಗಾಗಿ ಸಿಲಿಂಡರು ಒಂದು ಮೂಲೆಯಲ್ಲಿ ಕಾದುಕೊಂಡಿರುತ್ತದೆ.

2025ರ ಓಣಂ ರಜೆಯಲ್ಲಿ ಅಕ್ಕ ಬಂದಿದ್ದಳು. ಮಗಳ ಮದುವೆ ಡಿಸೆಂಬರಿಗೆ ನಿಶ್ಚಯವಾಗಿತ್ತು. ಅವಳು ಹೋದ ಮರುದಿನ ಬೆಳಿಗ್ಗೆ ನಾನು ಬ್ಯಾಂಕಿಗೆ ಹೊರಡುವಾಗ ಅಮ್ಮ ಪುಸ್ತಕದ ಕೊನೆಯ ಹಾಳೆ ಬಿಡಿಸಿ, ಕನ್ನಡಕ ಹಾಕಿ ಕೂತಿದ್ದಳು. 'ಗಂಟಲಿಗೆ ಬೇಡ' ಎಂಬುದರ ಮೇಲೆ ಗೆರೆ ಎಳೆದು, ಬದಿಯಲ್ಲಿ ಬರೆದಿದ್ದಳು: "ಮದುವೆಯವರೆಗೆ, ನಾಲ್ಕು ದಿನ ಆದರೆ ಆದೀತು."

"ಅಕ್ಕ ಹೇಳಿದಳಾ?" ಎಂದು ಕೇಳಿದೆ.

"ಯಾರೂ ಹೇಳಲಿಲ್ಲ. ನನಗೆ ಆ ಹುಡುಗಿಗೆ ಹೂ ಮುಡಿಸಬೇಕು."

ನಾನು ಏನು ಹೇಳಬೇಕೋ ತಿಳಿಯದೆ, ಬಾಯಿಗೆ ಬಂದದ್ದನ್ನು ಹೇಳಿದೆ. ತಿದ್ದಿದ ಕಡೆ ಸಹಿ ಇಲ್ಲದಿದ್ದರೆ ನಮ್ಮಲ್ಲಿ ಪಾಸಾಗುವುದಿಲ್ಲ ಎಂದೆ. ಅಮ್ಮ ನನ್ನ ಕಿಸೆಯಿಂದಲೇ ಪೆನ್ನು ತೆಗೆದುಕೊಂಡಳು.